ಹೆಸರು ಮರೆಮಾಡಿ ರುಚಿ ನೋಡೋಣ

ವಾಣಿಜ್ಯ ಪತ್ರಿಕೆಯಲ್ಲಿ ವಿಸ್ಕಿಯ ಪ್ರಸ್ತಾಪ ಬಂದೊಡನೆ ಹುಬ್ಬೇರಿಸುವ ಹಿರಿಯರು ನಮ್ಮಲ್ಲಿದ್ದಾರೆ. ಮದ್ಯಪಾನಕ್ಕೆ ಪ್ರೋತ್ಸಾಹ ನೀಡುವುದು ಈ ಲೇಖನದ ಉದ್ದೇಶವಲ್ಲ. ಮದ್ಯ ಮುಟ್ಟದ ಸದಸ್ಯ ಬಾಂಧವರ ನಿಲುವನ್ನು ನಾನು ಗೌರವಿಸುತ್ತೇನೆ. ಆದರೆ ಬೆಂಗಳೂರಿನಲ್ಲಿ ಸಿಂಗಲ್ ಮಾಲ್ಟ್ ಆಸಕ್ತರ ಕೂಟವೊಂದರಲ್ಲಿ ಕಳೆದ ಒಂದು ಸಂಜೆ, ಅಕ್ಕಿ ವ್ಯಾಪಾರದಲ್ಲೇ ಬೆಳೆದ ನನಗೆ ನಮ್ಮ ವೃತ್ತಿಯ ಬಗೆಗೇ ಪಾಠ ಹೇಳಿತು.

ಅಲ್ಲಿ ಬಾಟಲಿಗಳಿಗೆ ಕಾಗದ ಸುತ್ತಲಾಗಿತ್ತು. ಒಬ್ಬೊಬ್ಬರ ಮುಂದೆ ನಾಲ್ಕು ಲೋಟಗಳು. ಪ್ರತಿಯೊಂದರಲ್ಲೂ ಗುಟುಕಿನಷ್ಟೇ ಪಾನೀಯ. ಬಣ್ಣ ನೋಡಿ, ಮೂಸಿ, ಕೆಲವು ಹನಿ ನೀರು ಬೆರೆಸಿ, ರುಚಿ ನೋಡಿ ಅಭಿಪ್ರಾಯ ಬರೆದ ಬಳಿಕವೇ ಹೆಸರು ಪ್ರಕಟವಾಯಿತು. ಅತ್ಯಂತ ದುಬಾರಿಯಾದುದಕ್ಕೆ ನಾನು ಕೊನೆಯ ಸ್ಥಾನ ಕೊಟ್ಟಿದ್ದೆ! ನಮ್ಮ ಮಂಡಿಯಲ್ಲಿ ಹಿಡಿ ಭತ್ತವನ್ನು ಅಂಗೈಯಲ್ಲಿ ಉಜ್ಜಿ, ಕಾಳು ಕಚ್ಚಿ ತೇವ ತಿಳಿಯುವ ಹಿರಿಯರ ವಿದ್ಯೆ ಇದೇ ಅಲ್ಲವೇ?

1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಅಮೃತ್ ಡಿಸ್ಟಿಲರೀಸ್ ದಶಕಗಳ ಕಾಲ ಸಾಮಾನ್ಯ ದರ್ಜೆಯ ಮದ್ಯಗಳನ್ನೇ ಮಾರುತ್ತಿತ್ತು. ಅದರ ಮಾಲ್ಟನ್ನು ಹೆಸರು ತಿಳಿಸದೆ ಗ್ಲಾಸ್ಗೋ ನಗರದಲ್ಲಿ ರುಚಿ ನೋಡಿಸಿದಾಗ, ಸವಿದವರು ಅದನ್ನು ಸ್ಕಾಟ್ಲೆಂಡಿನದೇ ಎಂದು ಭಾವಿಸಿದರು. ಆ ಧೈರ್ಯದಿಂದ 2004ರಲ್ಲಿ ಅದೇ ನಗರದಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆಯಾಯಿತು. 2010ರ ತಮ್ಮ ವಿಸ್ಕಿ ಕೈಪಿಡಿಯಲ್ಲಿ ಜಿಮ್ ಮುರ್ರೆ ಅವರು ಅಮೃತ್ ಫ್ಯೂಷನ್‌ಗೆ ವಿಶ್ವದಲ್ಲೇ ಮೂರನೆಯ ಸ್ಥಾನ ನೀಡಿದರು. ಲೇಬಲ್ ಇದ್ದಿದ್ದರೆ ಪೂರ್ವಗ್ರಹ ಗೆಲ್ಲುತ್ತಿತ್ತು. ಲೇಬಲ್ ಇಲ್ಲದ್ದರಿಂದ ಸರಕು ಗೆದ್ದಿತು.

ಈ ಗೆಲುವು ಅಗ್ಗದ್ದಲ್ಲ. ಪೀಪಾಯಿಯಲ್ಲಿ ಮಾಗುವ ವಿಸ್ಕಿ ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾದರೆ, ಬೆಂಗಳೂರಿನ ಹವೆಯಲ್ಲಿ ಶೇ. 10ಕ್ಕೂ ಹೆಚ್ಚು ನಷ್ಟವಾಗುತ್ತದೆ. ಆದರೆ ಅದೇ ಬಿಸಿಲಿನಿಂದ ಬೇಗ ಮಾಗುತ್ತದೆ. ಹಳೆ ಅಕ್ಕಿಗಾಗಿ ದಾಸ್ತಾನು ಇಟ್ಟು ಬಡ್ಡಿ ಕಟ್ಟುವ, ತೂಕ ಇಳಿಯುವುದನ್ನು ಸಹಿಸುವ ಸಿರುಗುಪ್ಪದ ಗಿರಣಿದಾರರಿಗೆ ಈ ಲೆಕ್ಕವನ್ನು ವಿವರಿಸಬೇಕಾಗಿಲ್ಲ.

ವ್ಯತ್ಯಾಸವಿರುವುದು ಮುಂದಿನ ಹೆಜ್ಜೆಯಲ್ಲಿ. ಸ್ಕಾಟ್ಲೆಂಡಿನ ಸಿಂಗಲ್ ಮಾಲ್ಟ್ ಎಂದರೆ ಮೊಳಕೆ ಬರಿಸಿದ ಬಾರ್ಲಿಯಿಂದ, ಒಂದೇ ಭಟ್ಟಿಯಲ್ಲಿ ತಯಾರಾಗಿ, ಕನಿಷ್ಠ 3 ವರ್ಷ ಮರದ ಪೀಪಾಯಿಯಲ್ಲಿ ಮಾಗಿರಲೇಬೇಕೆಂಬುದು ಕಾನೂನು. ಲೇಬಲ್ಲಿನ ಪ್ರತಿ ಪದಕ್ಕೂ ಅರ್ಥವಿದೆ. ನಮ್ಮಲ್ಲಿ ‘ಹಳೆ ಅಕ್ಕಿ’ ಎಂದರೆ ಎಷ್ಟು ತಿಂಗಳು? ಅದನ್ನು ಮಾರುವವರ ನಾಲಿಗೆಯೇ ನಿರ್ಧರಿಸುತ್ತದೆ. ತುಂಗಭದ್ರೆಯ ನೀರುಂಡ ಅಕ್ಕಿ ಎಷ್ಟೋ ಸಲ ಪರರ ಹೆಸರಿನ ಚೀಲ ಸೇರುತ್ತದೆ. ಕುರುಗೋಡು ಸೀಮೆಯ ಮೆಣಸಿನಕಾಯಿ ಬ್ಯಾಡಗಿ ಪೇಟೆ ತಲುಪಿದ ಮೇಲೆ ಊರಿನ ಗುರುತು ಕಳೆದುಕೊಳ್ಳುತ್ತದೆ. ಬಳ್ಳಾರಿಯಲ್ಲಿ ಹೊಲಿದ ಜೀನ್ಸ್‌ನ ಕಥೆಯೂ ಬೇರೆಯಲ್ಲ.

“ಗಿರಾಕಿ ನೋಡುವುದು ಬೆಲೆಯನ್ನಷ್ಟೇ” ಎಂಬ ಆಕ್ಷೇಪ ಬರಬಹುದು. ವ್ಯತ್ಯಾಸ ತಿಳಿಯುವ ಅವಕಾಶವನ್ನೇ ಕೊಡದಿದ್ದರೆ ಆತ ಬೇರೇನನ್ನು ನೋಡಬೇಕು? ರುಚಿ ಬಲ್ಲ ಗಿರಾಕಿ ತಾನಾಗಿ ಹುಟ್ಟುವುದಿಲ್ಲ, ಅವನನ್ನು ರೂಪಿಸಬೇಕು. ಆ ಕೂಟಗಳು ಮಾಡುತ್ತಿರುವ ಕೆಲಸವೇ ಅದು.

ಆದುದರಿಂದ ನಮ್ಮ ಸಂಸ್ಥೆಯ ಮುಂದೆ ಒಂದು ಸಣ್ಣ ಸಲಹೆ ಇಡುತ್ತೇನೆ. ಸುಗ್ಗಿ ಮುಗಿದ ಬಳಿಕ ವರ್ಷಕ್ಕೊಂದು ಸಂಜೆ ಸಭಾಭವನದಲ್ಲಿ ಸೇರೋಣ. ಸಿರುಗುಪ್ಪದ ಬೇರೆ ಬೇರೆ ಗಿರಣಿಗಳ, ಬೇರೆ ಬೇರೆ ವಯಸ್ಸಿನ ಅಕ್ಕಿಯ ಅನ್ನ ಬಡಿಸಿ, ತಟ್ಟೆಗೆ ಸಂಖ್ಯೆ ಮಾತ್ರ ಇರಲಿ. ಕುರುಗೋಡಿನ ಮೆಣಸಿನಕಾಯಿಯ ಚಟ್ನಿಗೂ ಅದೇ ನಿಯಮ. ಬೆಂಗಳೂರು, ಹೈದರಾಬಾದುಗಳ ಖರೀದಿದಾರರನ್ನು ಆಹ್ವಾನಿಸೋಣ. ತೀರ್ಪು ಬಂದ ಮೇಲೆ ಗಿರಣಿಯ ಹೆಸರು, ಕಟಾವಿನ ತಿಂಗಳು ಎರಡನ್ನೂ ಪ್ರಕಟಿಸೋಣ.

ಮೊದಲ ವರ್ಷ ನಮ್ಮದೇ ಚೀಲ ಕೊನೆಯ ಸ್ಥಾನಕ್ಕೆ ಬರಬಹುದು. ಅದನ್ನು ಹೊರಗಿನ ಗಿರಾಕಿಗಿಂತ ಮೊದಲು ನಾವೇ ತಿಳಿಯುವುದು ಲಾಭವೇ ಸರಿ.