ಮೇಲ್ಗಿವಿಗೆ ಮೊದಲ ಓಲೆ: ಚೆಂದ ಆಮೇಲೆ ನೋಡೋಣ

ಈಗ ಜಾತ್ರೆಗೆ ಹೋದರೆ ಬಳೆ ಅಂಗಡಿಗಳ ಸಾಲಿನಲ್ಲೇ ಕಿವಿ ಚುಚ್ಚುವ ಟೇಬಲ್ಲೂ ಕಾಣುತ್ತದೆ. ಒಬ್ಬರ ಕೈಯಲ್ಲಿ ಗನ್, ಮುಂದೆ ಹರಳಿನ ಓಲೆಗಳ ಡಬ್ಬಿ. ಸುತ್ತ ಕಾಲೇಜು ಹುಡುಗಿಯರು, ನಡುವೆ ಒಂದಿಬ್ಬರು ಹುಡುಗರು. ಚುಚ್ಚಿಸಬೇಕಿರುವುದು ಕೆಳಗಿನ ಹಾಲೆಗಲ್ಲ, ಕಿವಿಯ ಮೇಲಂಚಿಗೆ. ಎರಡು ನಿಮಿಷದ ಕೆಲಸ. ಅಲ್ಲಿ ನಡೆಯುವ ಚರ್ಚೆಯೂ ಒಂದೇ: ‘ಹೂವಿಂದು ಹಾಕ್ಲಾ, ಚುಕ್ಕಿದು ಹಾಕ್ಲಾ?’

ಮೇಲ್ಗಿವಿ ಚುಚ್ಚಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಇದನ್ನು ಪೇಟೆ ಶೋಕಿ ಅಂತ ಬೈಯುವವರಿಗೆ ಒಂದು ಮಾತು: ಉತ್ತರ ಕರ್ನಾಟಕದ ಅಜ್ಜಿಯರು ಬುಗುಡಿ ಹಾಕುತ್ತಿದ್ದದ್ದು ಇದೇ ಮೇಲಂಚಿಗೆ. ನನ್ನ ತಕರಾರು ಓಲೆ ಆರಿಸುವ ರೀತಿಯ ಬಗ್ಗೆ. ಮೇಲ್ಗಿವಿಗೆ ಹಾಕುವ ಮೊದಲ ಓಲೆ ಹಸಿ ಗಾಯದೊಳಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಕೂರುವ ವಸ್ತು. ಅದನ್ನು ಗಾಯಕ್ಕೆ ಹೊಂದುವ ಹಾಗೆ ಆರಿಸಬೇಕು. ಮುಖಕ್ಕೆ ಹೊಂದುವುದನ್ನು ಆಮೇಲೆ ಹಾಕಿಕೊಳ್ಳಬಹುದು.

ಹಾಲೆಗೂ ಮೇಲ್ಗಿವಿಗೂ ಏನು ವ್ಯತ್ಯಾಸ? ಹಾಲೆ ಬರೀ ಚರ್ಮ, ಕೊಬ್ಬು, ರಕ್ತ. ಆರರಿಂದ ಎಂಟು ವಾರದಲ್ಲಿ ಮಾಗುತ್ತದೆ. ಮೇಲ್ಗಿವಿಯೊಳಗೆ ಇರುವುದು ಮೆತ್ತನೆಯ ಎಲುಬು, ಪುಸ್ತಕದ ಭಾಷೆಯಲ್ಲಿ ಮೃದ್ವಸ್ಥಿ. ಅದರೊಳಗೆ ರಕ್ತನಾಳ ಇಲ್ಲ. ಮೇಲೆ ಹೊದ್ದಿರುವ ತೆಳು ಪೊರೆಯಿಂದಲೇ ಅದಕ್ಕೆ ಆಹಾರ ಸಿಗಬೇಕು. ಆ ಪೊರೆಗೂ ಎಲುಬಿಗೂ ನಡುವೆ ಕೀವು ತುಂಬಿದರೆ ಆಹಾರ ನಿಂತು ಎಲುಬು ಸಾಯುತ್ತದೆ. ಸತ್ತ ಭಾಗ ಮತ್ತೆ ಮೊದಲಿನಂತೆ ಬೆಳೆಯುವುದಿಲ್ಲ. ಕಿವಿ ಮುದುಡಿಕೊಂಡು ಹಾಗೇ ಉಳಿಯುತ್ತದೆ.

ಇದು ಸುಮ್ಮನೆ ಹೆದರಿಸುವ ಮಾತಲ್ಲ. 2000ನೇ ಇಸವಿಯಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಒಂದೇ ಒಡವೆ ಅಂಗಡಿಯಲ್ಲಿ ಮೇಲ್ಗಿವಿ ಚುಚ್ಚಿಸಿಕೊಂಡ ಏಳು ಮಂದಿಗೆ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಸೋಂಕು ತಗುಲಿದ್ದು ಪರೀಕ್ಷೆಯಲ್ಲಿ ಖಚಿತವಾಯಿತು. ನಾಲ್ವರು ಆಸ್ಪತ್ರೆ ಸೇರಿದರು. ಕೆಲವರ ಕಿವಿಯ ಆಕಾರವೇ ಕೆಟ್ಟಿತು. ತನಿಖೆ ಮಾಡಿದಾಗ, ಶುದ್ಧ ಮಾಡಲು ಸಿಂಪಡಿಸುತ್ತಿದ್ದ ಔಷಧಿಯ ಬಾಟಲಿಯೇ ಕೆಟ್ಟಿತ್ತು. ಅಂಗಡಿಯಲ್ಲೇ ಹೀಗಾಯಿತು. ನಮ್ಮ ಜಾತ್ರೆಯ ದೂಳಿನಲ್ಲಿ ಒಂದೇ ಗನ್ನು ಎಷ್ಟು ಕಿವಿಗೆ ಹೋಗುತ್ತದೆ, ನೀವೇ ಯೋಚಿಸಿ.

ಗನ್ನಿನ ತೊಂದರೆ ಕೊಳೆಯೊಂದೇ ಅಲ್ಲ. ಅದು ಸೂಜಿಯಂತೆ ಕೊರೆದು ದಾರಿ ಮಾಡುವುದಿಲ್ಲ, ಸ್ಪ್ರಿಂಗಿನ ಹೊಡೆತಕ್ಕೆ ಓಲೆಯ ಕಡ್ಡಿಯನ್ನೇ ಒಳಗೆ ತಳ್ಳುತ್ತದೆ. ಮೆತ್ತನೆಯ ಹಾಲೆ ತಾಳಿಕೊಳ್ಳುತ್ತದೆ, ಎಲುಬು ಜಜ್ಜಿಹೋಗುತ್ತದೆ. ಪ್ಲಾಸ್ಟಿಕ್ ಭಾಗಗಳಿರುವ ಗನ್ನನ್ನು ಆಸ್ಪತ್ರೆಯ ಕತ್ತರಿಯ ಹಾಗೆ ಹಬೆಯಲ್ಲಿ ಬೇಯಿಸಿ ಶುದ್ಧ ಮಾಡಲೂ ಆಗುವುದಿಲ್ಲ. ಮೇಲ್ಗಿವಿಗೆ ನಿಮ್ಮ ಮುಂದೆಯೇ ಪ್ಯಾಕೆಟ್ ಒಡೆದ ಹೊಸ ಸೂಜಿಯೇ ಬೇಕು.

ಈಗ ಓಲೆಯ ವಿಷಯ. ಮೊದಲು ಲೋಹ.

‘ಒಂದು ಗ್ರಾಂ ಗೋಲ್ಡ್’ ಎಂದು ಮಾರುವುದು ಚಿನ್ನವಲ್ಲ, ಹಿತ್ತಾಳೆ ಅಥವಾ ತಾಮ್ರದ ಮೇಲಿನ ಲೇಪನ. ಮದುವೆ ಮನೆಯಲ್ಲಿ ಒಂದು ದಿನ ಹಾಕಲು ಅಡ್ಡಿಯಿಲ್ಲ. ಹಸಿ ಗಾಯದಲ್ಲಿ ಲೇಪನ ಸವೆದು ಒಳಗಿನ ಲೋಹ ಮಾಂಸಕ್ಕೆ ತಾಗುತ್ತದೆ. ಈಗ ಎಲ್ಲೆಲ್ಲೂ ಕಾಣುವ ಜರ್ಮನ್ ಸಿಲ್ವರ್‌ನಲ್ಲಿ ಹೆಸರಿಗಷ್ಟೇ ಬೆಳ್ಳಿ. ಇರುವುದು ತಾಮ್ರ, ಸತು, ನಿಕ್ಕಲ್. ಕಿವಿ ತುರಿಸಿ ನೀರೊಡೆಯುವ ಅಲರ್ಜಿಗೆ ಹೆಚ್ಚಾಗಿ ಈ ನಿಕ್ಕಲ್ಲೇ ಕಾರಣ. ಅಸಲಿ ಬೆಳ್ಳಿಯೂ ಗಾಯದಲ್ಲಿ ಕಪ್ಪಿಡುತ್ತದೆ, ಮಾಗಿದ ಮೇಲೆ ಹಾಕಿ. ‘ಸರ್ಜಿಕಲ್ ಸ್ಟೀಲ್’ ಎಂದು ಬರೆದದ್ದರಲ್ಲೂ ನಿಕ್ಕಲ್ ಇರುತ್ತದೆ. ಬಹಳ ಜನಕ್ಕೆ ಏನೂ ಆಗದು, ಆದರೆ ವಾಚಿನ ಬೆಲ್ಟಿಗೋ ಜೀನ್ಸ್ ಗುಂಡಿಗೋ ಚರ್ಮ ಕೆಂಪಾಗುವವರು ಅದರ ತಂಟೆಗೆ ಹೋಗಬೇಡಿ.

ಮೊದಲ ಓಲೆಗೆ ಟೈಟಾನಿಯಂ ಒಳ್ಳೆಯದು. ಮೂಳೆ ಮುರಿದವರಿಗೆ ಒಳಗೆ ಕೂರಿಸುವ ರಾಡು, ಸ್ಕ್ರೂಗಳಿಗೂ ಇದನ್ನು ಬಳಸುತ್ತಾರೆ. ದೇಹ ಅದರ ಜೊತೆ ಜಗಳಕ್ಕೆ ಹೋಗುವುದಿಲ್ಲ. ಕೊಳ್ಳುವಾಗ ‘ಎಎಸ್‌ಟಿಎಂ ಎಫ್-136’ ದರ್ಜೆಯದಾ ಅಂತ ಕೇಳಿ. ಬರೀ ‘ಟೈಟಾನಿಯಂ ಕಲರ್’ ಎಂದಿದ್ದರೆ ಅದು ಬಣ್ಣ ಮಾತ್ರ.

ನಮ್ಮ ಮನೆಗಳಲ್ಲಿ ಇದನ್ನು ಒಪ್ಪಿಸುವುದು ಸುಲಭವಲ್ಲ ಅಂತ ಗೊತ್ತು. ‘ಹಾಕಿದರೆ ಬಂಗಾರ ಹಾಕು, ಕಬ್ಬಿಣ ಯಾಕೆ’ ಎನ್ನುತ್ತಾರೆ. ಬಂಗಾರವೇ ಬೇಕೆಂದರೆ ಆಗಬಹುದು, ಆದರೆ ಎರಡು ಸಂಗತಿ ನೆನಪಿರಲಿ. 22 ಕ್ಯಾರೆಟ್, ಅಂದರೆ 916 ಚಿನ್ನ ಮೃದು. ಸಪೂರ ಕಡ್ಡಿ ಬಾಗುತ್ತದೆ, ಗೀರು ಬೀಳುತ್ತದೆ, ಗೀರಿನಲ್ಲಿ ಕೊಳೆ ಕೂರುತ್ತದೆ. ಗಾಯ ಮಾಗುವ ತನಕ 18 ಕ್ಯಾರೆಟ್, ಅಂದರೆ 750ರ ಹಳದಿ ಚಿನ್ನ ಮೇಲು. ಬಿಳಿ ಚಿನ್ನದಲ್ಲಿ ನಿಕ್ಕಲ್ ಬೆರೆಸಿರುವುದುಂಟು, ಕೇಳದೆ ಕೊಳ್ಳಬೇಡಿ. ಪೆಟ್ಟಿಗೆಯಲ್ಲಿರುವ ಹಳೆಯ ಕೆಡಿಎಂ ಓಲೆಯನ್ನೂ ಹಸಿ ತೂತಿಗೆ ಹಾಕಬೇಡಿ. ಅದರ ಬೆಸುಗೆಗೆ ಕ್ಯಾಡ್ಮಿಯಂ ಬಳಸುತ್ತಿದ್ದರು.

ಎರಡನೆಯದು ಹಾಲ್‌ಮಾರ್ಕ್. ಸರಕಾರ 2021ರ ಜೂನ್‌ನಿಂದ ಹಾಲ್‌ಮಾರ್ಕ್ ಕಡ್ಡಾಯ ಮಾಡುತ್ತಾ ಬಂದಿದೆ, ನಿಜ. ಆದರೆ ಎರಡು ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಅದರಲ್ಲಿ ವಿನಾಯಿತಿ ಇದೆ. ಮೇಲ್ಗಿವಿಯ ಓಲೆ ಸಾಮಾನ್ಯವಾಗಿ ಆ ತೂಕದ ಒಳಗೇ ಬರುತ್ತದೆ. ಅಂದರೆ ನೀವು ಕೊಳ್ಳುವ ಅತಿ ಚಿಕ್ಕ ಒಡವೆಗೇ ಕಾನೂನಿನ ಕಾವಲು ಕಡಿಮೆ. ಹಾಲ್‌ಮಾರ್ಕ್ ಇರುವುದನ್ನೇ ಕೇಳಿ ಪಡೆಯಿರಿ. ಅದರ ಮೇಲಿನ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಫೋನು ಕೈಯಲ್ಲೇ ಇದೆಯಲ್ಲ.

ಇನ್ನು ಆಕಾರ. ಮೊದಲಿಗೆ ರಿಂಗ್ ಬೇಡ. ರಿಂಗ್ ತಿರುಗುತ್ತದೆ, ದುಪಟ್ಟಾಕ್ಕೆ, ಕೂದಲಿಗೆ, ಹೆಲ್ಮೆಟ್ಟಿಗೆ ಸಿಕ್ಕಿ ಗಾಯವನ್ನು ಎಳೆಯುತ್ತದೆ. ನೇರ ಕಡ್ಡಿಯ, ಹಿಂದೆ ಚಪ್ಪಟೆ ಬಿಲ್ಲೆ ಇರುವ ಓಲೆ ಸರಿ. ನಮ್ಮ ಮಾಮೂಲಿ ತಿರುಪಿನ ಓಲೆಯಲ್ಲಿ ಮರೆಯಲ್ಲೇ ತೊಂದರೆ. ಚುಚ್ಚಿದ ಮೇಲೆ ಕಿವಿ ಊದುತ್ತದೆ, ತಿರುಪು ಬಿಗಿಯಾಗಿದ್ದರೆ ಓಲೆ ಮಾಂಸದೊಳಗೆ ಹೂತುಹೋಗುತ್ತದೆ. ಅದಕ್ಕೇ ಮೊದಲ ಕಡ್ಡಿ ತುಸು ಉದ್ದ ಇರಬೇಕು, ಸಾಮಾನ್ಯವಾಗಿ 8 ಮಿಲಿಮೀಟರ್. ಊತ ಇಳಿದ ಮೇಲೆ, ಚುಚ್ಚಿದವರ ಹತ್ತಿರವೇ ಹೋಗಿ 6 ಮಿಲಿಮೀಟರ್‌ನದು ಹಾಕಿಸಿಕೊಳ್ಳಬಹುದು. ದಪ್ಪ 1 ಅಥವಾ 1.2 ಮಿಲಿಮೀಟರ್. ಅಂಗಡಿಯಲ್ಲಿ ಇದನ್ನೇ 18 ಗೇಜ್, 16 ಗೇಜ್ ಎನ್ನುತ್ತಾರೆ. ಪಂಪ್‌ಸೆಟ್ ಮೋಟಾರು ಕಟ್ಟುವವರಿಗೆ ಗೊತ್ತಿರುವಂತೆ, ಗೇಜ್ ಸಂಖ್ಯೆ ಹೆಚ್ಚಾದಷ್ಟು ತಂತಿ ಸಪೂರ.

‘ನಮ್ಮ ಪತ್ತಾರರು ಚಿನ್ನದ ತಂತಿಯಲ್ಲಿ ಚುಚ್ಚುತ್ತಿರಲಿಲ್ಲವೇ, ಆಗ ಏನಾಯಿತು?’ ಎಂದು ಹಿರಿಯರು ಕೇಳುತ್ತಾರೆ. ಪತ್ತಾರರ ಕೈ ಪಳಗಿದ ಕೈ, ಅದರಲ್ಲಿ ಅನುಮಾನ ಇಲ್ಲ. ಗನ್ನಿಗಿಂತ ಆ ನಾಜೂಕು ಎಷ್ಟೋ ಮೇಲು. ಆದರೆ ಅವರು ಹೆಚ್ಚಾಗಿ ಚುಚ್ಚುತ್ತಿದ್ದದ್ದು ಹಾಲೆಯನ್ನು. ಕೈಚಳಕದಿಂದ ಕ್ರಿಮಿ ಸಾಯುವುದಿಲ್ಲ. ಅವರ ಹತ್ತಿರವೇ ಹೋಗುವುದಾದರೂ ಹೊಸ ಸೂಜಿ, ಕೈಗವಸು ಕೇಳಿ. ಕೇಳುವುದು ಅವಮಾನವಲ್ಲ.

ಮನೆಗೆ ಬಂದ ಮೇಲೆ ಅರಿಶಿನ, ಕೊಬ್ಬರಿ ಎಣ್ಣೆ ಮೆತ್ತಬೇಡಿ, ಹಂಚಿಕಡ್ಡಿ ತೂರಿಸಬೇಡಿ. ಮೆಡಿಕಲ್ ಶಾಪಿನಲ್ಲಿ ಸಿಗುವ ನಾರ್ಮಲ್ ಸಲೈನ್‌ನಿಂದ ದಿನಕ್ಕೆ ಎರಡು ಸಲ ತೊಳೆದರೆ ಸಾಕು. ಓಲೆಯನ್ನು ತಿರುಗಿಸುತ್ತಾ ಇರಬೇಕು ಎನ್ನುವುದು ತಪ್ಪು, ತಿರುಗಿಸಿದಷ್ಟೂ ಗಾಯ ಹಸಿಯಾಗುತ್ತದೆ. ಆ ಮಗ್ಗುಲಿಗೆ ಮಲಗಬೇಡಿ, ಆ ಕಿವಿಗೆ ಇಯರ್‌ಫೋನ್ ಬೇಡ. ಗಾಯವಾದ ಕಡೆ ಗಂಟು ಗಂಟಾಗಿ ಮಾಂಸ ಬೆಳೆಯುವ ಗುಣ ಮನೆತನದಲ್ಲಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಚುಚ್ಚಿಸುವ ಮುಂಚೆ ವೈದ್ಯರನ್ನು ಕೇಳಿ.

ಮೇಲ್ಗಿವಿ ಕೆಂಪಾಗಿ, ಬಿಸಿಯಾಗಿ, ಊದಿ, ಮುಟ್ಟಿದರೆ ಜೀವ ಹೋಗುವ ಹಾಗೆ ನೋಯುತ್ತಿದ್ದು, ಕೆಳಗಿನ ಹಾಲೆ ಮಾತ್ರ ಸರಿಯಾಗಿದೆ ಅನ್ನಿಸಿದರೆ ಅದು ಎಲುಬಿನ ಸೋಂಕು ಇರಬಹುದು. ನಾಳೆ ನೋಡೋಣ ಎನ್ನಬೇಡಿ. ಅದೇ ದಿನ ತಾಲ್ಲೂಕು ಆಸ್ಪತ್ರೆಗೋ ಕಿವಿ-ಮೂಗು-ಗಂಟಲು ವೈದ್ಯರ ಹತ್ತಿರವೋ ಹೋಗಿ. ಓಲೆ ತೆಗೆಯಬೇಕೋ ಬಿಡಬೇಕೋ ಅವರೇ ಹೇಳಲಿ.

ಇಲ್ಲಿ ಅಪ್ಪ-ಅಮ್ಮಂದಿರಿಗೆ ಒಂದು ಮಾತು. ಮನೆಯಲ್ಲಿ ಕೇಳದೆ ಚುಚ್ಚಿಸಿಕೊಂಡ ಹುಡುಗಿ ಏನು ಮಾಡುತ್ತಾಳೆ? ಕೂದಲಿನಿಂದ ಕಿವಿ ಮುಚ್ಚಿಕೊಳ್ಳುತ್ತಾಳೆ. ನೋವಾದರೆ ಗೆಳತಿ ಕೊಟ್ಟ ಮುಲಾಮು ಹಚ್ಚುತ್ತಾಳೆ. ಮೂರು-ನಾಲ್ಕು ದಿನ ಹೀಗೇ ಕಳೆಯುತ್ತದೆ. ಕಿವಿ ಉಳಿಯಬೇಕಾದ ದಿನಗಳೇ ಅವು. ಬೈಗುಳದ ಹೆದರಿಕೆ ಇಲ್ಲದಿದ್ದರೆ ಅವಳು ಮೊದಲ ದಿನವೇ ‘ಅಮ್ಮಾ, ಕಿವಿ ನೋಯ್ತಿದೆ’ ಎನ್ನುತ್ತಿದ್ದಳು. ಮಕ್ಕಳು ಕೇಳಿದಾಗ ‘ಬೇಡ’ ಎಂದು ಬಾಗಿಲು ಹಾಕಿದರೆ ಅವರು ಹೋಗುವುದು ಜಾತ್ರೆಯ ಟೇಬಲ್ಲಿಗೆ. ‘ಆಯ್ತು, ನಾನೂ ಬರ್ತೀನಿ’ ಎಂದರೆ ಆಯ್ಕೆ ನಿಮ್ಮ ಕಣ್ಣೆದುರೇ ಆಗುತ್ತದೆ.

ಮದುವೆಗೆ ಸರ ಕೊಳ್ಳುವಾಗ ತೂಕ, ವೇಸ್ಟೇಜ್, ಕೂಲಿ ಅಂತ ಅರ್ಧ ದಿನ ಚೌಕಾಸಿ ಮಾಡುವ ಜನ ನಾವು. ಅರ್ಧ ಗ್ರಾಮಿನ ಓಲೆಗೂ ಹತ್ತು ನಿಮಿಷ ಕೊಡೋಣ. ಲೋಹ ಯಾವುದು, ಕಡ್ಡಿ ಎಷ್ಟು ಉದ್ದ, ಸೂಜಿ ಹೊಸದಾ ಎಂದು ಮೂರೇ ಪ್ರಶ್ನೆ ಕೇಳಿ. ಉತ್ತರ ಸಿಗದಿದ್ದರೆ ಎದ್ದು ಬನ್ನಿ. ಹೂವು, ಚುಕ್ಕಿ, ಬುಗುಡಿ ಎಲ್ಲ ಮುಂದಿನ ವರ್ಷದ ಜಾತ್ರೆಗೆ ಇದ್ದೇ ಇರುತ್ತವೆ.