ಕುಳ್ಳರ ರಾಜ್ಯಕ್ಕೆ ಹೊರಟ ತಂಡ

ಕಳೆದ ಭಾನುವಾರ ನವನಗರದ ನಮ್ಮ ಮನೆಯ ಹಾಲ್‌ನಲ್ಲಿ ಒಂದು ಸಂಶೋಧನಾ ತಂಡ ಸಿದ್ಧವಾಯಿತು. ಎಂಟು ವರ್ಷದ ಮಗ ಅಧ್ಯಕ್ಷ, ನಾನೊಬ್ಬಳೇ ಸದಸ್ಯೆ. ಮಾಯವಾದ ಕುಳ್ಳರ ರಾಜ್ಯ ಹುಡುಕೋದು ನಮ್ಮ ಗುರಿ. ಸಾಮಾನಿನ ಪಟ್ಟಿ: ಟಾರ್ಚು, ಭೂತಗನ್ನಡಿ, ಚುರುಮುರಿ, ಪೇಡೆ, ಸಲಿಕೆ.

ಈ ರಾಜ್ಯದ ಕಥೆ ಅವನಿಗೆ ಹೇಳಿದ್ದು ನಮ್ಮಪ್ಪ. ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದ ಮೇಲೆ ಚಪ್ಪಡಿಕಲ್ಲಿನ ಪುಟ್ಟ ಮನೆಗಳಿವೆ, ಕೆಲವಕ್ಕೆ ದುಂಡನೆಯ ಕಿಂಡಿಗಳೂ ಇವೆ. ಮೋರ್ಯರು ಅನ್ನೋ ಕುಳ್ಳ ಮಂದಿ ಅಲ್ಲಿದ್ದರು ಅಂತ ಆ ಕಡೆಯ ಜನ ಹೇಳ್ತಾರೆ. ಅಪ್ಪ ಹೋಗಿ ವರ್ಷವಾಯಿತು. ಕಥೆ ಉಳಿದಿದೆ.

ಮೊಬೈಲ್‌ನಲ್ಲಿ ಫೋಟೊ ತೋರಿಸುವಾಗ ಬಾಯಿತಪ್ಪಿ ನಿಜ ಹೇಳಿಬಿಟ್ಟೆ. ಅವು ವಾಸದ ಮನೆಗಳಲ್ಲ, ಎರಡು ಸಾವಿರ ವರ್ಷಕ್ಕೂ ಹಿಂದೆ ಸತ್ತವರಿಗಾಗಿ ನಿಲ್ಲಿಸಿದ ಶಿಲಾಸಮಾಧಿಗಳು. ಸುಮಾರು 400 ಇವೆ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿವೆ.

ಅಧ್ಯಕ್ಷರ ಮುಖ ಸಪ್ಪಗಾಯಿತು. “ಹಂಗಾರ ಅಜ್ಜ ಸುಳ್ಳು ಹೇಳ್ಯಾನೇನು?”

“ಇಲ್ಲಪಾ, ಮನಿ ಅಂದಿದ್ದು ಖರೇನ. ಹೋದವರಿಗೂ ಒಂದು ಮನಿ ಇರ್ಲಿ ಅಂತ ಉಳಿದವರು ಅಷ್ಟ್ ದೊಡ್ಡ ಕಲ್ಲು ನಿಲ್ಲಿಸ್ಯಾರ.”

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಪೆನ್ಸಿಲ್ ತಗೊಂಡು ಪಟ್ಟಿಯಲ್ಲಿದ್ದ ಸಲಿಕೆಯನ್ನು ಹೊಡೆದುಹಾಕಿದ. “ಅಲ್ಲಿ ಅಗಿಯೂದು ಬ್ಯಾಡ.”

ನಿಧಿಯಾಸೆಗೆ ಅಲ್ಲಿನ ಕಲ್ಲು ಕೆಡವಿದವರಿಗೆ ಈ ಬುದ್ಧಿ ಇದ್ದಿದ್ದರೆ!

ಬಿಸಿಲು ಇಳಿಯಲಿ, ಗದಗ, ಕೊಪ್ಪಳ ದಾಟಿ ಹೊರಡ್ತೀವಿ. ಗುಡ್ಡ ನಡೆದೇ ಹತ್ತಬೇಕು, ನೀರು ಜಾಸ್ತಿ ಬೇಕು. ಸಲಿಕೆ ಇದ್ದ ಜಾಗದಲ್ಲಿ ಈಗ ಚಿತ್ರದ ಪುಸ್ತಕ ಅಂತ ಬರೆದಿದೆ.