ಖಡ್ಗವೆತ್ತಿದ ಸಾವಿಯಬ್ಬೆ

ಗುತ್ತಲಿನ ನಮ್ಮ ನೆರೆಯ ಮಕ್ಕಳಿಗೆ ಆತಕೂರಿನ ನಾಯಿಯ ಕಥೆ ಬಲು ಪ್ರಿಯ. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ಮೆರೆದ ಮಣಲೇರನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು, ಅದು ಕಾಡುಹಂದಿಯೊಡನೆ ಸೆಣಸಿ ಸತ್ತಿತು, ಸುಮಾರು ಕ್ರಿ.ಶ. 950ರಲ್ಲಿ ಅದರ ನೆನಪಿಗೆ ಮದ್ದೂರು ಸೀಮೆಯ ಆತಕೂರಿನಲ್ಲಿ ಕಲ್ಲು ನಿಂತಿತು.

ಹೆಚ್ಚುಕಡಮೆ ಅದೇ ಕಾಲದ ಮತ್ತೊಂದು ವೀರಗಲ್ಲು ಶ್ರವಣಬೆಳಗೊಳದಲ್ಲಿ ಉಂಟು. ಅದನ್ನು ಬಲ್ಲವರು ವಿರಳ. ಲೋಕವಿದ್ಯಾಧರನ ಮಡದಿ ಸಾವಿಯಬ್ಬೆಯು ಬಗೆಯೂರಿನ ಕಾಳಗದಲ್ಲಿ ಪತಿಯೊಡನೆ ಕಾದಿ ಮಡಿದಳು. ಶಾಸನಕವಿಯು ಆಕೆಯನ್ನು ಸೀತೆಗೂ ಅರುಂಧತಿಗೂ ಹೋಲಿಸಿರುವನು. ಶಿಲ್ಪಿಯಾದರೋ, ಆಕೆಯನ್ನು ಕುದುರೆಯೇರಿಸಿ, ಕೈಗೆ ಖಡ್ಗವಿತ್ತು, ಆನೆಯ ಮೇಲಣ ಭಟನಿಗೆ ಇದಿರಾಗಿ ಕಡೆದಿರುವನು. ಪತಿವ್ರತೆಯ ಹೊಗಳಿಕೆಯೂ ವೀರಳ ಕತ್ತಿಯೂ ಒಂದೇ ಕಲ್ಲಿನಲ್ಲಿ ಸೇರಿರುವುವು. ಅಂದಿನವರಿಗೆ ಅದು ವಿರೋಧವೆಂದು ತೋರಲಿಲ್ಲ.

1824ರಲ್ಲಿ ಕಿತ್ತೂರಿನ ಚೆನ್ನಮ್ಮನು ಕುಂಪಣಿಯ ಸೇನೆಯನ್ನು ಇದಿರಿಸಿದಳು. 1943ರಲ್ಲಿ ಸುಭಾಷಚಂದ್ರ ಬೋಸರ ಸೇನೆಯಲ್ಲಿ ಝಾನ್ಸಿರಾಣಿಯ ಹೆಸರಿನ ಸ್ತ್ರೀದಳವೇ ಏರ್ಪಟ್ಟಿತು. 2016ರಲ್ಲಿ ಮೂವರು ತರುಣಿಯರು ನಮ್ಮ ವಾಯುಸೇನೆಯ ಯುದ್ಧವಿಮಾನಗಳ ಚಾಲಕರಾದರು. ಆದರೂ ಮಗಳು ಸೈನ್ಯಕ್ಕೆ ಸೇರುವೆನೆಂದರೆ, “ಅದು ನಮ್ಮ ಸಂಪ್ರದಾಯವಲ್ಲ” ಎನ್ನುವ ಹಿರಿಯರು ಇಂದಿಗೂ ಉಂಟು.

ತಾಯಂದಿರೇ, ನಿಮ್ಮ ಭಯವನ್ನು ನಾವು ಅಲ್ಲಗಳೆಯೆವು. ಸಾವಿಯಬ್ಬೆಯೂ ಮನೆಗೆ ಹಿಂದಿರುಗಲಿಲ್ಲ. ಮಗಳನ್ನು ತಡೆಯಬೇಕೆನಿಸಿದರೆ ಭಯವನ್ನು ಭಯವೆಂದೇ ಹೇಳಿರಿ. ಅವಳು ಅದಕ್ಕೆ ಉತ್ತರ ಕೊಡಬಲ್ಲಳು. ಸಂಪ್ರದಾಯದ ಹೆಸರನ್ನು ಮಾತ್ರ ಎತ್ತದಿರಿ. ಸಂಪ್ರದಾಯವು ಬೆಳಗೊಳದ ಆ ಕಲ್ಲಿನಲ್ಲಿ ಖಡ್ಗವೆತ್ತಿ ನಿಂತಿದೆ.